ಟೋಪಿ, ಶಿಲುಬೆ, ಜನಿವಾರ ಇದ್ದರೆ ಸಾಕೇ?

ಮಾನ್ಯರೇ,

ಧರ್ಮಕ್ಕೆ ಅವಮಾನವಾಯಿತು ಎಂದು ಆಗಾಗ ಯಾವುದಾದರೊಂದು ಸಿನಿಮಾದ ಮೇಲೆ ಗಲಾಟೆ ಏಳುತ್ತದೆ. ಪೋಸ್ಟರ್ ಹರಿಯುತ್ತಾರೆ, ಕೋರ್ಟಿಗೆ ಹೋಗುತ್ತಾರೆ, ಒಂದೆರಡು ದೃಶ್ಯಕ್ಕೆ ಕತ್ತರಿ ಬಿದ್ದ ಮೇಲೆ ಎಲ್ಲ ತಣ್ಣಗಾಗುತ್ತದೆ. ನನಗೆ ಅವಮಾನಕ್ಕಿಂತ ಹೆಚ್ಚು ಬೇಸರ ತರುವುದು ಅಸಡ್ಡೆ.

ನಮ್ಮ ಜನಪ್ರಿಯ ಚಿತ್ರಗಳಲ್ಲಿ ಧರ್ಮದ ಹೊಣೆ ಹೊತ್ತವರು ವಸ್ತ್ರಾಲಂಕಾರದವರು. ಮುಸ್ಲಿಂ ಎಂದರೆ ನಾಯಕನಿಗಾಗಿ ಪ್ರಾಣ ಬಿಡುವ ಗೆಳೆಯ, ಇಲ್ಲವೇ ಬಾಂಬಿಡುವವ. ಪಾದ್ರಿ ಎಂದರೆ ಅನಾಥ ಮಗುವನ್ನು ಸಾಕಬೇಕು ಅಥವಾ ದೆವ್ವ ಬಿಡಿಸಬೇಕು. ಪುರೋಹಿತ ಹೊಟ್ಟೆಬಾಕ. ದೇವರಿಗೂ ಬಿಡುವಿಲ್ಲ: ಐಸಿಯುನಲ್ಲಿ ನಾಯಕಿಯ ಮಾನಿಟರ್ ಗೆರೆ ನೆಟ್ಟಗಾಗುತ್ತದೆ, ಅತ್ತ ನಾಯಕ ಗುಡಿಯ ಗಂಟೆಗಳನ್ನು ಒಂದೇ ಸಮನೆ ಬಾರಿಸುತ್ತಾನೆ, ಮೂರ್ತಿಯ ಮುಡಿಯಿಂದ ಹೂವೊಂದು ಉದುರುತ್ತದೆ, ಇತ್ತ ಗೆರೆ ಕುಣಿಯತೊಡಗುತ್ತದೆ. (ಡಾಕ್ಟರು ಅಷ್ಟರಲ್ಲಿ ಕೈಚೆಲ್ಲಿ ಕನ್ನಡಕ ತೆಗೆದಿರಲೇಬೇಕು.) ಹೂ ಬೀಳದೇ ಹೋದವನ ಗತಿಯೇನು? ಮರುದಿನ ಅವನು ದೇವರ ಮುಂದೆ ದೀಪ ಹಚ್ಚುತ್ತಾನೋ ಇಲ್ಲವೋ? ಕಥೆ ಇರುವುದೇ ಅಲ್ಲಿ. ಅಷ್ಟು ಹೊತ್ತು ಕ್ಯಾಮೆರಾ ನಿಲ್ಲುವುದಿಲ್ಲ.

1970ರ ‘ಸಂಸ್ಕಾರ’ ಚಿತ್ರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಆಚಾರ ಬಿಟ್ಟ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಏಳುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹಸಿವು, ಒಡವೆಯ ಆಸೆ, ಗ್ರಂಥದಲ್ಲಿ ಉತ್ತರ ಸಿಗದೆ ಒದ್ದಾಡುವ ಪ್ರಾಣೇಶಾಚಾರ್ಯರು. ಸೆನ್ಸಾರ್ ಮೊದಲು ತಡೆದ ಈ ಚಿತ್ರಕ್ಕೇ ಆಮೇಲೆ ಆ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಅದು ಕಲಾತ್ಮಕ ಚಿತ್ರವಾಯಿತಲ್ಲ ಎನ್ನುವವರಿಗೆ 1954ರ ‘ಬೇಡರ ಕಣ್ಣಪ್ಪ’ ಇದೆ. ಅಲ್ಲಿ ಮಡಿ-ಮೈಲಿಗೆ ಅರಿಯದ ಬೇಡನ ಭಕ್ತಿಯ ಮುಂದೆ ಅರ್ಚಕನ ಮಡಿ ಸೋಲುತ್ತದೆ, ಆದರೂ ಅದು ಭಕ್ತಿಯ ಸಿನಿಮಾವೇ.

ಇದಕ್ಕೆ ನಿಷೇಧ ಮದ್ದಲ್ಲ. ಧರ್ಮಗುರುಗಳನ್ನು ಖಳರನ್ನಾಗಿಯೋ ನಗೆಪಾತ್ರವಾಗಿಯೋ ತೋರಿಸಬಾರದೆಂದು ಹಾಲಿವುಡ್‌ 1930ರಲ್ಲೇ ನಿಯಮ ಮಾಡಿಕೊಂಡಿತ್ತು, 1968ರಲ್ಲಿ ಆ ಸಂಹಿತೆಯನ್ನೇ ಕೈಬಿಟ್ಟಿತು. ಕಪಟ ಸ್ವಾಮಿ ತೆರೆಯ ಮೇಲೆ ಧಾರಾಳವಾಗಿ ಬರಲಿ, ಸಮಾಜದಲ್ಲಿ ಅಂಥವರಿಗೇನು ಬರವೇ? ಆದರೆ ಅವನನ್ನು ಜನ ಯಾಕೆ ನಂಬಿದರು ಎಂಬುದೂ ಜೊತೆಗೆ ಬರಬೇಕು. ಬರೀ ಪೆದ್ದರ ಗುಂಪನ್ನು ತೋರಿಸಿ ಕೈತೊಳೆದುಕೊಂಡರೆ ಆಗದು.

ಪತ್ರಿಕೆಗಳ ಚಿತ್ರ ವಿಮರ್ಶೆಗಳಲ್ಲಿ ಗ್ರಾಫಿಕ್ಸ್‌ಗೆ ಒಂದು ಪ್ಯಾರಾ ಮೀಸಲಿರುತ್ತದೆ. ಪೂಜೆಯೋ ನಮಾಜೋ ಪ್ರಾರ್ಥನೆಯೋ ಬಂದ ದೃಶ್ಯ ಗೊತ್ತಿದ್ದವರು ತೆಗೆದಂತಿತ್ತೇ ಎಂಬುದಕ್ಕೂ ಒಂದು ಸಾಲು ಕೊಡಿ.

– ಒಬ್ಬ ಚಿತ್ರಪ್ರೇಮಿ