‘ಸಾಧ್ಯತೆ ಇದೆ’ ಎಂದು ಬರೆಯುವ ಮೊದಲು

ಬದಿಯಡ್ಕ

ಪ್ರೀತಿಯ ತಂಗೀ,

ನೀನು ಕಳಿಸಿದ ಮಳೆಯ ವರದಿ, ಲಾಟರಿ ಲೇಖನ ಎರಡನ್ನೂ ಓದಿದೆ. ಭಾಷೆ ಚೊಕ್ಕವಾಗಿದೆ. ಆದರೆ ‘ಸಾಧ್ಯತೆ’ ಮಾತ್ರ ಹೆಜ್ಜೆಗೊಮ್ಮೆ ಬರುತ್ತದೆ, ಒಂದೊಂದು ಸಲ ಒಂದೊಂದು ಅರ್ಥದಲ್ಲಿ. ಮಳೆ ಬರಲೂಬಹುದು ಎಂಬುದಕ್ಕೂ ಅದೇ, ಬಂದೇ ಬರುವ ಹಾಗಿದೆ ಎಂಬುದಕ್ಕೂ ಅದೇ. ನಿನ್ನ ಓದುಗ ಅಡಿಕೆ ತೋಟದವನು. ಕೊಳೆರೋಗಕ್ಕೆ ಮದ್ದು ಬಿಡಲು 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣವನ್ನು 100 ಲೀಟರ್ ನೀರಿಗೆ ಕಲಸಿದನೆಂದರೆ ಅದನ್ನು ಅವತ್ತೇ ಬಿಟ್ಟು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಕಲಸಬೇಕೋ ಬೇಡವೋ ಎಂದು ತಿಳಿಯಲು ಅವನು ನಿನ್ನ ಸಾಲು ಓದುತ್ತಾನೆ.

‘ಸಾಧ್ಯ’ ಎಂದರೆ ಆಗಬಲ್ಲದ್ದು, ಅಷ್ಟೆ. ಎಷ್ಟರ ಮಟ್ಟಿಗೆ ಎಂಬುದು ಅದರಲ್ಲಿಲ್ಲ. ‘ಸಾಧ್ಯತೆ’ಯನ್ನು ಪತ್ರಿಕೆಗಳು ಆಗಬಲ್ಲದು ಎನ್ನಲೂ ಎಷ್ಟರ ಮಟ್ಟಿಗೆ ಎನ್ನಲೂ ದುಡಿಸುತ್ತವೆ, ಹಾಗಾಗಿ ಅದರ ಪಕ್ಕದಲ್ಲಿ ಹೆಚ್ಚೋ ಕಡಿಮೆಯೋ ಹೇಳಲೇಬೇಕು. ‘ಸಂಭವ’ ನನ್ನ ಕಿವಿಗೆ ಸ್ವಲ್ಪ ಕೆಟ್ಟದ್ದರ ಕಡೆ ವಾಲುತ್ತದೆ: ಗುಡ್ಡ ಜರಿಯುವ ಸಂಭವ ಸರಿ, ಬಹುಮಾನ ಬರುವ ಸಂಭವ ಯಾಕೋ ಕೂರುವುದಿಲ್ಲ. ‘ಸಂಭವನೀಯತೆ’ ಗಣಿತದ್ದು, ಕರ್ನಾಟಕದ ಹತ್ತನೇ ತರಗತಿ ಪುಸ್ತಕದಲ್ಲಿ ಪಾಠದ ಹೆಸರೇ ಅದು. 0ಯಿಂದ 1ರ ತನಕದ ಒಂದು ಸಂಖ್ಯೆ. ಸಂಖ್ಯೆ ಇಲ್ಲದ ಕಡೆ ಅದನ್ನು ತರಬೇಡ. (‘ಸಂಭಾವನೆ’ ಈಗ ಕೈಗೆ ಬರುವ ದುಡ್ಡು, ನಮ್ಮ ಕಸುಬಿನಲ್ಲಿ ಅದರ ಸಂಭವ ಕಡಿಮೆ.)

ಹೆಚ್ಚಿನ ಕಡೆ ನಾಮಪದವೇ ಬೇಕಿಲ್ಲ, ಕ್ರಿಯಾಪದ ಸಾಕು. ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದೀಯಲ್ಲ, ಬಂದಾನು, ಬಂದಾಳು, ಬಂದೀತು? ಅದನ್ನು ಪರೀಕ್ಷೆಗೆ ಬಿಟ್ಟು ಮತ್ತೆಲ್ಲೂ ಬಳಸದವರೇ ಜಾಸ್ತಿ. ‘ಸಂಜೆ ಮಳೆ ಬಂದೀತು’ ಅಂದರೆ ಬರಿಯ ಊಹೆ, ಒಂಚೂರು ಎಚ್ಚರಿಕೆಯೂ ಹೌದು. ‘ಬರುವ ಹಾಗಿದೆ’ ಅಂದರೆ ಪಡುವಣದಲ್ಲಿ ಮೋಡ ಕಟ್ಟಿದ್ದು ಕಾಣುತ್ತಿದೆ. ‘ರಾತ್ರಿ ಬಂದಿರಬೇಕು’ ಅಂದರೆ ಅಂಗಳ ಒದ್ದೆಯಾಗಿದೆ. ‘ಬಹುದು’ ಒಂದರಲ್ಲಿ ಜಾಗ್ರತೆ, ಅದು ಅನುಮತಿಯೂ ಆಗುತ್ತದೆ. ‘ನಾಳೆ ಮೀನುಗಾರರು ಕಡಲಿಗೆ ಇಳಿಯಬಹುದು’ ಎಂದು ಬರೆದಿದ್ದೀಯ. ಅದು ಊಹೆಯೋ ಪರವಾನಗಿಯೋ? ಇನ್ನು ‘ಬರಬಹುದಾದ ಸಾಧ್ಯತೆ ಇದೆ ಎನ್ನಲಾಗಿದೆ’ ಎಂಬಲ್ಲಿ ಮೂರು ಅನುಮಾನ ಒಂದರ ಮೇಲೊಂದು. ಯಾರು ಅಂದದ್ದು ಎಂದು ಹೇಳಿ, ಒಂದನ್ನು ಉಳಿಸು.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ತೊಡಕು ಬೇರೆಯೇ. ಮುನ್ಸೂಚನೆ ಮಲಯಾಳದಲ್ಲಿ ಬರುತ್ತದೆ, ‘ಮಳಯ್ಕ್ಕು ಸಾಧ್ಯತ’ ಎಂದು. ಅವಸರದಲ್ಲಿ ‘ಮಳೆಗೆ ಸಾಧ್ಯತೆ’ ಆಗಿಬಿಡುತ್ತದೆ. ಕನ್ನಡದಲ್ಲಿ ಮಳೆ ಬರುವ ಸಾಧ್ಯತೆ. ಅದಕ್ಕಿಂತ ದೊಡ್ಡ ಎಡವಟ್ಟು ಮಲಯಾಳದ ‘ಒಟ್ಟಪ್ಪೆಟ್ಟ’ (ಒಂಟಿಯಾದ) ಇರುವಲ್ಲಿ. ನೀನು ‘ಪ್ರತ್ಯೇಕ ಸ್ಥಳಗಳಲ್ಲಿ’ ಎಂದಿದ್ದೀಯ, ಓದಿದವರು ಯಾವ ಸ್ಥಳ ಎಂದು ಹುಡುಕುತ್ತಾರೆ. ‘ಅಲ್ಲೊಂದು ಇಲ್ಲೊಂದು ಕಡೆ’ ಎನ್ನು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ. 25ರಲ್ಲಿ ಮಳೆ. ಅಂದರೆ ಎಷ್ಟು ಕಡೆ ಎಂಬ ಮಾತು, ಎಷ್ಟು ಖಚಿತ ಎಂಬುದಲ್ಲ. ಹಳದಿ ಎಚ್ಚರಿಕೆಯ ಜೊತೆ ಕೊಡುವ ‘24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ.’ ಕೂಡ ಹಾಗೆಯೇ, ಅದು ಮಳೆಯ ಪ್ರಮಾಣ. ನೀನು ಇದನ್ನು ‘ಹಳದಿ, ಅಂದರೆ ಮಳೆಯ ಸಾಧ್ಯತೆ ಕಡಿಮೆ’ ಎಂದು ತಿರುಗಿಸಿದ್ದು ತಪ್ಪು.

ಅಂಕಿ ಕೊಡುವಾಗ ಎಷ್ಟು ಕಾಲದಲ್ಲಿ ಎಂಬುದನ್ನು ಬಿಡಬೇಡ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದರೆ ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ 100ರಲ್ಲಿ 1 ಎಂದರ್ಥ. ಚಂದ್ರಗಿರಿ ಹೊಳೆಯ ದಡದಲ್ಲಿ ಅಂಥ ನೆರೆ ಮುಟ್ಟುವ ಜಾಗದಲ್ಲಿ ಒಬ್ಬ 30 ವರ್ಷ ಬಾಳುತ್ತಾನೆ ಅನ್ನು. ಒಂದು ವರ್ಷ ನೆರೆ ಬಾರದಿರುವ ಸಂಭವನೀಯತೆ 0.99. 30 ವರ್ಷವೂ ಬಾರದಿರಲು 0.99ನ್ನು 30 ಸಲ ಗುಣಿಸಬೇಕು, ಸುಮಾರು 0.74. ಅದನ್ನು 1ರಿಂದ ಕಳೆ: 0.26. ನಾಲ್ಕರಲ್ಲಿ ಒಂದಕ್ಕಿಂತ ಒಂಚೂರು ಹೆಚ್ಚು. ಇದನ್ನು ಬರೆದರೆ ಓದುವವನಿಗೆ ತಟ್ಟುತ್ತದೆ.

ಲಾಟರಿ ಲೇಖನದಲ್ಲಿ ಕೇರಳ 1967ರಲ್ಲಿ ಅದನ್ನು ಶುರುಮಾಡಿದ ಭಾಗ ಚೆನ್ನಾಗಿದೆ. ಆದರೆ ‘ಈ ನಂಬರು ಬಹಳ ದಿನದಿಂದ ಬಿದ್ದಿಲ್ಲ, ಈಗ ಸಾಧ್ಯತೆ ಹೆಚ್ಚು’ ಎಂಬುದು ಅಂಗಡಿಯವನ ಮಾತು. ಅವನ ಬಾಯಲ್ಲೇ ಇರಲಿ, ನಿನ್ನ ಮಾತಾಗಿ ಬೇಡ; ಹಿಂದಿನ ಡ್ರಾ ಮುಂದಿನದಕ್ಕೆ ಗೊತ್ತಿಲ್ಲ. ಕೊನೆಯ ನಾಲ್ಕು ಅಂಕಿಗೆ ಬಹುಮಾನವಿದ್ದರೆ 0000ಯಿಂದ 9999ರ ತನಕ 10,000 ಸಂಖ್ಯೆಗಳು, ಎತ್ತುವ ಒಂದೊಂದು ಸಂಖ್ಯೆಗೂ ಒಂದು ಟಿಕೇಟಿನ ಪಾಲು 10,000ದಲ್ಲಿ 1. ಬೇರೆ ಬೇರೆ ಅಂತ್ಯದ ಹತ್ತು ಟಿಕೇಟು ಕೊಂಡರೆ ‘ಹತ್ತು ಪಟ್ಟು ಹೆಚ್ಚು’ ಎಂದದ್ದು ಸುಳ್ಳಲ್ಲ, ಆದರೆ 1,000ದಲ್ಲಿ 1 ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳು.

ತಿದ್ದಿ ಮತ್ತೊಮ್ಮೆ ಕಳಿಸು. ಮಳೆಯ ವರದಿ ಮೊದಲು ಬರಲಿ, ಲಾಟರಿಗೆ ಅವಸರವಿಲ್ಲ.

ನಿನ್ನ,
ಅಣ್ಣ