ಹಳ್ಳಿ ಸಭೆಗೆ ಹೊರಟ ಮಗನಿಗೆ

ಪ್ರೀತಿಯ ಮಗನೇ,

ಕರ್ತನ ನಾಮದಲ್ಲಿ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಪಾದ್ರಿ ದೀಕ್ಷೆ ಆದ ಮೇಲೆ ನಿನ್ನನ್ನು ಹಳ್ಳಿಯ ಚರ್ಚ್ ಸಭೆಗೆ ಹಾಕುತ್ತಾರೆ, ಅದಕ್ಕೆ ನಿನಗೆ ಬೇಜಾರು ಎಂದು ನಿಮ್ಮಪ್ಪ ಹೇಳಿದ. ಓರಗೆಯವರಿಗೆ ಪಟ್ಟಣದ ದೊಡ್ಡ ಸಭೆ ಸಿಕ್ಕಾಗ ಹಾಗನ್ನಿಸುವುದು ಸಹಜ. ಆದರೂ ಸಿ.ಎಫ್. ಆಂಡ್ರ್ಯೂಸ್ ಎಂಬ ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ, ಇಂಗ್ಲಿಷ್ ಪಾದ್ರಿಯ ಬದುಕನ್ನು ಒಮ್ಮೆ ನೋಡು. 1947ರಲ್ಲಿ ನಮ್ಮ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಹುಟ್ಟಿದಾಗ ಆಂಗ್ಲಿಕನ್ನರೂ ಸೇರಿಕೊಂಡರು, ಹಾಗಾಗಿ ಅವರು ನಮಗೂ ಹಿರಿಯರೇ.

ಕೇಂಬ್ರಿಜ್‌ನಲ್ಲಿ ಓದಿ 1897ರಲ್ಲಿ ಪಾದ್ರಿಯಾದವರು. ಆರಂಭದ ಸೇವೆ ದಕ್ಷಿಣ ಲಂಡನ್ನಿನ ವಾಲ್ವರ್ತ್‌ನಲ್ಲಿ, ಬಡವರ ನಡುವೆ. 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಪಾಠ ಹೇಳಲು ಬಂದರು. ಸ್ವಲ್ಪ ಕಾಲದಲ್ಲೇ ಪ್ರಿನ್ಸಿಪಾಲ್ ಹುದ್ದೆ ಖಾಲಿಯಾಯಿತು. ಇಂಗ್ಲಿಷರೇ ಆ ಕುರ್ಚಿಯಲ್ಲಿ ಕೂರಬೇಕು ಅನ್ನುವ ಕಾಲ ಅದು. ಆಂಡ್ರ್ಯೂಸ್ ಮಾತ್ರ, ಅಲ್ಲೇ ವರ್ಷಗಟ್ಟಲೆ ದುಡಿದಿದ್ದ ಸುಶೀಲ್ ಕುಮಾರ್ ರುದ್ರ ಅವರೇ ಆಗಲಿ ಎಂದು ಪಟ್ಟು ಹಿಡಿದರು. ರುದ್ರ ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲ್ ಆದರು. ಆಂಡ್ರ್ಯೂಸ್ ತಾವೇ ರುದ್ರರ ಕೈಕೆಳಗೆ ಕೆಲಸ ಮಾಡಿದರು. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ ಮಗನೇ.

1914ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನಲ್ಲಿ ಇಳಿದವರೇ ಬಗ್ಗಿ ಗಾಂಧೀಜಿಯ ಕಾಲು ಮುಟ್ಟಿದರು. ಅಲ್ಲಿನ ಬಿಳಿಯರು ಕೆಂಡವಾದರು.

ಮರುವರ್ಷ ಗೆಳೆಯ ಪಿಯರ್ಸನ್ ಜೊತೆ ಫಿಜಿಗೆ ಹೋದರು. ಅಲ್ಲಿನ ಕಬ್ಬಿನ ತೋಟಗಳಿಗೆ ನಮ್ಮ ಜನರನ್ನು 5 ವರ್ಷದ ಕರಾರಿನ ಮೇಲೆ ಸಾಗಿಸುತ್ತಿದ್ದರು. ಇರಲು 10 ಅಡಿ ಉದ್ದ, 7 ಅಡಿ ಅಗಲದ ಕೋಣೆ. ಅದರಲ್ಲಿ ಮೂವರು ಗಂಡಸರು, ಇಲ್ಲವೇ ಗಂಡ, ಹೆಂಡತಿ, ಮಕ್ಕಳು. ಆಂಡ್ರ್ಯೂಸ್ ಆ ಕೂಲಿ ಲೈನುಗಳಿಗೇ ಹೋದರು. ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ವರದಿ ಬರೆದರು. ಇಲ್ಲಿ ಭಾರತದಲ್ಲಿ ದೊಡ್ಡ ಗದ್ದಲವೇ ಎದ್ದಿತು. 1917ರಲ್ಲಿ ಕೂಲಿಗಳನ್ನು ಕಳಿಸುವುದು ನಿಂತಿತು. 1920ರ ಜನವರಿ 1ಕ್ಕೆ ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು. ಜನ ಅವರನ್ನು ದೀನಬಂಧು ಎಂದು ಕರೆದಿದ್ದು ಸುಮ್ನೆ ಅಲ್ಲ.

ಬೇರೆ ಸಭೆ ಕೊಡಿ ಎಂದು ಬಿಷಪ್ಪರನ್ನು ಕೇಳುವ ಮೊದಲು ನೀನೂ ಆ ಹಳ್ಳಿಗೆ ಹೋಗಿ ಬಾ. ನಾಲ್ಕು ಮನೆಯಲ್ಲಿ ಕೂತು ಮಾತಾಡು. ಮಳೆ ಕೈಕೊಟ್ಟು ಸಾಲಕ್ಕೆ ಬಿದ್ದವರು ಇರುತ್ತಾರೆ. ಮಕ್ಕಳೆಲ್ಲ ಗಾರೆ ಕೆಲಸಕ್ಕೆ ಬೆಂಗಳೂರು ಸೇರಿ, ಒಬ್ಬರೇ ಉಳಿದ ಮುದುಕರು ಇರುತ್ತಾರೆ. ಅವರಿಗೂ ಒಬ್ಬ ಪಾದ್ರಿ ಅಯ್ಯನವರು ಬೇಕು, ಅಲ್ವಾ?

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಮುಖ್ಯ. ಫಿಜಿಗೆ ಹೋಗುವ ಹೊತ್ತಿಗಾಗಲೇ ಆಂಡ್ರ್ಯೂಸ್ ಪಾದ್ರಿಯ ಸೇವೆ ಬಿಟ್ಟಿದ್ದರು. ಆರಾಧನೆಯಲ್ಲಿ ಹೇಳುವ ಸಭೆಯ ಕೆಲವು ವಿಶ್ವಾಸಪ್ರಮಾಣಗಳನ್ನು, ಅಂದರೆ ನಂಬಿಕೆಯ ಘೋಷಣೆಗಳನ್ನು, ಬಾಯಲ್ಲಿ ಹೇಳಲು ಅವರ ಮನಸ್ಸು ಒಪ್ಪಲಿಲ್ಲ. ಟಾಗೋರರ ಶಾಂತಿನಿಕೇತನ ಸೇರಿದರು, ಆದರೆ ಕ್ರಿಸ್ತನನ್ನು ಬಿಡಲಿಲ್ಲ. 1930ರ ದಶಕದಲ್ಲಿ ಮತ್ತೆ ಪಾದ್ರಿಯ ಸೇವೆಗೆ ಮರಳಿದರು. 1940ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.

ನಿನಗೂ ಸಂದೇಹ ಬರಬಹುದು. ಬಂದರೆ ಅದನ್ನು ಒಳಗೇ ಅದುಮಿಟ್ಟುಕೊಂಡು ಭಾನುವಾರ ಪ್ರಸಂಗ ಮಾಡಬೇಡ. ನಿನಗೆ ನಂಬಿಕೆಯಿರುವ ಹಿರಿಯ ಅಯ್ಯನವರೊಬ್ಬರ ಹತ್ತಿರ ಬಾಯಿಬಿಟ್ಟು ಹೇಳು. ಅಂಥವರು ಸಿಗದಿದ್ದರೆ ನೇರ ಮನೆಗೆ ಬಾ. ಎಷ್ಟು ಹೊತ್ತಾದರೂ ಕೂತು ಕೇಳುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ