ಮೊದಲು ಫೋಟೊ, ಆಮೇಲೆ ಪೆನ್ನು

ಸಂಪಾದಕರೇ,

ನಾನು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ‘ಮೈ ಬೆಸ್ಟ್ ಫ್ರೆಂಡ್’ ಬಗ್ಗೆ ಬರೆಯಿರಿ ಅಂದರೆ ಇಡೀ ಕ್ಲಾಸಿಗೆ ಒಬ್ಬನೇ ಫ್ರೆಂಡ್ ಇರುತ್ತಾನೆ, ಗೈಡಿನಲ್ಲಿ ಇರೋನು. ಬಾಯಿಪಾಠ, ಇನ್ನೇನು. ಮಕ್ಕಳನ್ನು ಬೈದು ಏನು ಬಂತು, ನೋಡಿ ಬರೆಯೋಕೆ ಅವರ ಮುಂದೆ ಏನೂ ಇಲ್ಲವಲ್ಲ.

ಹೋದ ವರ್ಷ ಒಂದಿನ ಸುಮ್ನೆ ಒಂದು ಫೋಟೊ ತಂದು ಬೋರ್ಡಿಗೆ ಅಂಟಿಸಿದೆ. ಗಾಳಿಗೆ ಉಲ್ಟಾ ಆದ ಕೊಡೆ, ಅದನ್ನು ಎರಡೂ ಕೈಯಲ್ಲಿ ಹಿಡಿದ ಹುಡುಗ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ನೀರಲ್ಲಿ. ಮೊದಲು ಬಂದ ವಾಕ್ಯ ‘ಒನ್ ಬಾಯ್ ಈಸ್ ದೇರ್’. ‘ಒಬ್ಬ ಹುಡುಗ ಇದ್ದಾನೆ’ ಅನ್ನೋದನ್ನೇ ಹಾಗೇ ಎತ್ತಿಟ್ಟಿದ್ದು. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಅವರದು ನಡುವೆ, ‘ಎ’, ‘ದಿ’ ಅಂತೂ ಕನ್ನಡದಲ್ಲಿ ಇಲ್ಲವೇ ಇಲ್ಲ. ಗ್ರಾಮರ್ ಪೀರಿಯಡ್‌ನಲ್ಲಿ ಹೇಳಿ ಹೇಳಿ ನನಗೇ ಸಾಕಾಗಿತ್ತು. ಫೋಟೊ ಮುಂದೆ ನಿಂತಾಗ ಬೇಗ ತಲೆಗೆ ಹತ್ತಿತು. ಅವನನ್ನು ಮೊದಲ ಸಲ ತೋರಿಸುವಾಗ ‘ಎ ಬಾಯ್’, ಮತ್ತೆ ಅವನ ಬಗ್ಗೆಯೇ ಹೇಳುವಾಗ ‘ದಿ ಬಾಯ್’.

ಆದರೆ ಫೋಟೊ ಕೊಟ್ಟು ‘ಹತ್ತು ವಾಕ್ಯ ಬರೆಯಿರಿ’ ಅಂದುಬಿಟ್ಟರೆ ಕೆಟ್ಟಿತು. ಮೊದಲು ಮಾತಾಡಬೇಕು, ಕನ್ನಡದಲ್ಲಾದರೂ ಸರಿ. ಮ್ಯೂಸಿಯಂಗಳಲ್ಲಿ ಚಿತ್ರ ನೋಡುವುದನ್ನು ಕಲಿಸಲು ಬಳಸುವ ಮೂರು ಪ್ರಶ್ನೆಗಳಿವೆ: ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತೀಯ? ಇನ್ನೇನು ಕಾಣುತ್ತೆ? ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಎರಡನೆಯದು. ಹುಡುಗನಿಗೆ ಭಯ ಆಗಿದೆ ಅಂದಳು ಒಬ್ಬಳು. ಏನು ನೋಡಿ ಹೇಳಿದೆ ಅಂತ ಕೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ‘ಇಲ್ಲ ಮಿಸ್, ಹಲ್ಲು ಕಾಣ್ತಿದೆ, ನಗ್ತಿದಾನೆ’. ಆ ಜಗಳ ಮುಗಿಯುವ ಹೊತ್ತಿಗೆ ನೋಟ್‌ಬುಕ್ಕಿಗೆ ‘ಬಿಕಾಸ್’ ಬಂದಿತ್ತು, ‘ಮೇ ಬಿ’ ಬಂದಿತ್ತು. ಸ್ಪೆಲಿಂಗ್ ತಪ್ಪು ಬೇಕಾದಷ್ಟಿತ್ತು, ಅವತ್ತು ನಾನು ಕೆಂಪು ಪೆನ್ನು ತೆಗೆಯಲಿಲ್ಲ.

ಈಗ ನಿಮಗೊಂದು ಕೋರಿಕೆ. ವಾರಕ್ಕೊಂದು ಫೋಟೊ ಅಡಿಬರಹ ಇಲ್ಲದೆ ಹಾಕಿ, ಏನು ಎತ್ತ ಅಂತ ಎರಡು ದಿನ ಬಿಟ್ಟು ತಿಳಿಸಿ. ನ್ಯೂಯಾರ್ಕ್ ಟೈಮ್ಸ್ ಶಾಲಾ ಮಕ್ಕಳಿಗಾಗಿ ಇಂಥದ್ದನ್ನು ವರ್ಷಗಟ್ಟಲೆ ಮಾಡಿದೆ, ನಿಮಗೇನು ಕಷ್ಟ, ಫೋಟೊ ಹೇಗೂ ದಿನಾ ಬರುತ್ತವೆ ಅಲ್ವಾ? ಸಾಲಾಗಿ ನಿಂತು ರಿಬ್ಬನ್ ಕತ್ತರಿಸುವ ಫೋಟೊ ಮಾತ್ರ ಬೇಡ, ಅದರಲ್ಲಿ ಮಕ್ಕಳು ಜಗಳ ಆಡೋಕೆ ಏನೂ ಇರಲ್ಲ.

– ಒಬ್ಬ ಇಂಗ್ಲಿಷ್ ಶಿಕ್ಷಕಿ